ಬಾವಿಗೆ ಇಳಿಯುವ ಮುನ್ನ: ಅಗ್ನಿಶಾಮಕರ ಪ್ರಶ್ನೋತ್ತರ

ರಾಜ್ಯದ ಹಲವು ಊರುಗಳಲ್ಲಿ ಅಗ್ನಿಶಾಮಕ ಠಾಣಾಧಿಕಾರಿಯಾಗಿ ದುಡಿದು ನಿವೃತ್ತರಾದ ನಮ್ಮ ಅಂಕಣಕಾರರು ಈ ಸಂಚಿಕೆಯಲ್ಲಿ ಓದುಗರ ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಕಾಲೇಜಿಗೆ ಹೋಗುವ ದಾರಿಯಲ್ಲಿ ಅಗ್ನಿಶಾಮಕ ಠಾಣೆ ಇದೆ. ಯಾವಾಗ ನೋಡಿದರೂ ಸಿಬ್ಬಂದಿ ವಾಹನ ತೊಳೆಯುತ್ತಿರುತ್ತಾರೆ, ಪೈಪ್ ಸುತ್ತುತ್ತಿರುತ್ತಾರೆ, ಇಲ್ಲವೇ ಗುಂಪಾಗಿ ಕುಳಿತು ಮಾತಾಡುತ್ತಿರುತ್ತಾರೆ. ಬೆಂಕಿ ಬೀಳದ ದಿನ ಅಷ್ಟು ಜನರಿಗೆ ಕೆಲಸವಾದರೂ ಏನು?
— ಉಪನ್ಯಾಸಕರು, ಅರಸೀಕೆರೆ

ಉತ್ತರ: ನೀವು ನೋಡಿದ್ದೇ ಅವರ ಕೆಲಸ, ಆ ಮಾತುಕತೆಯೂ ಸೇರಿ. ಪಾಳಿ ಬದಲಾಗುವ ಹೊತ್ತಿಗೆ ಹಾಜರಿ ಕೂಗಿ, ಅಂದು ಬ್ರಾಂಚ್, ಅಂದರೆ ಪೈಪಿನ ತುದಿಯಲ್ಲಿ ನೀರು ಚಿಮ್ಮಿಸುವ ನಳಿಗೆ, ಹಿಡಿಯುವವರು ಯಾರು, ಹೋಸ್ ಎಂಬ ಆ ಪೈಪ್ ಹಾಸುವವರು ಯಾರು, ಪಂಪ್ ನೋಡಿಕೊಳ್ಳುವವರು ಯಾರು ಎಂದು ಗೊತ್ತುಮಾಡುತ್ತಾರೆ. ಕರೆ ಬಂದ ಮೇಲೆ ಇದನ್ನೆಲ್ಲ ಮಾತಾಡಲು ಬಿಡುವಿರುವುದಿಲ್ಲ. ಆಮೇಲೆ ಪಂಪ್ ಚಾಲೂ ಮಾಡಿ ಒತ್ತಡ ಏರುತ್ತಿದೆಯೇ ಎಂದು ನೋಡಬೇಕು, ಏಣಿಯ ಹಗ್ಗ ಎಳೆದು ಪರೀಕ್ಷಿಸಬೇಕು, ಉಸಿರಾಟದ ಸಿಲಿಂಡರುಗಳ ಮಾಪಕ ಓದಿ ಪುಸ್ತಕದಲ್ಲಿ ಬರೆಯಬೇಕು.

ಪೈಪ್ ಸುತ್ತುವುದನ್ನು ಜನ ಹಗುರವಾಗಿ ಕಾಣುತ್ತಾರೆ. ಘಟನಾ ಸ್ಥಳದಿಂದ ಬಂದ ಹೋಸಿಗೆ ಕೆಸರು, ಬೂದಿ, ಕೆಲವೊಮ್ಮೆ ಎಣ್ಣೆ ಮೆತ್ತಿಕೊಂಡಿರುತ್ತದೆ. ಅದನ್ನು ತೊಳೆದು ಒಣಗಿಸದೆ ಇಟ್ಟರೆ ನೇಯ್ಗೆಗೆ ಬೂಷ್ಟು ಹಿಡಿಯುತ್ತದೆ. ಪ್ರತಿ ಸಲ ಒಂದೇ ಜಾಗದಲ್ಲಿ ಮಡಿಸಿದರೆ ಅಲ್ಲೇ ಒಡೆಯುತ್ತದೆ, ಆದ್ದರಿಂದ ಮಡಿಕೆ ಬದಲಿಸಿ ಸುತ್ತುತ್ತಾರೆ. ಎರಡು ಹೋಸುಗಳನ್ನು ಕೂಡಿಸುವ ಕಪ್ಲಿಂಗಿನ ಒಳಗೆ ರಬ್ಬರಿನ ಒಂದು ವಾಷರ್ ಇರುತ್ತದೆ. ಸುತ್ತುವ ಮೊದಲು ಸಿಬ್ಬಂದಿ ತೋರುಬೆರಳು ಒಳಗೆ ತೂರಿಸಿ ಸುತ್ತಲೂ ಒಮ್ಮೆ ತಡವುವುದನ್ನು ಇನ್ನೊಮ್ಮೆ ಗಮನಿಸಿ. ಅದು ವಾಷರ್ ಇದೆಯೇ, ಬಿರುಕು ಬಿಟ್ಟಿದೆಯೇ ಎಂಬ ಪರೀಕ್ಷೆ. ಅದು ಬಿದ್ದುಹೋಗಿದ್ದರೆ ಬೆಂಕಿಯ ಮುಂದೆ ನಿಂತಾಗ ನೀರು ಅರ್ಧ ದಾರಿಯಲ್ಲೇ ಚಿಮ್ಮಿ ಪೋಲಾಗುತ್ತದೆ, ಬ್ರಾಂಚ್ ಹಿಡಿದವನ ಕೈಗೆ ಸಣ್ಣ ಧಾರೆ ಬರುತ್ತದೆ.

ಇನ್ನು ಮಾತುಕತೆ. ಚಹಾದ ಹೊತ್ತಿಗೆ ಹಿಂದಿನ ರಾತ್ರಿಯ ಕರೆಯನ್ನು ಬಿಡಿಸಿ ನೋಡುವುದು ಒಳ್ಳೆಯ ಠಾಣೆಗಳ ರೂಢಿ. ಲೋಟಗಳು ಕೋಣೆಗಳಾಗುತ್ತವೆ, ಬಿಸ್ಕತ್ತಿನ ಪೊಟ್ಟಣ ಮೆಟ್ಟಿಲಾಗುತ್ತದೆ, ಬೆಂಕಿ ಎಲ್ಲಿತ್ತು, ನಾವು ಯಾವ ಬಾಗಿಲಿನಿಂದ ಹೋದೆವು ಎಂಬ ಚರ್ಚೆ ನಡೆಯುತ್ತದೆ. ಎಲ್ಲ ಠಾಣೆಗಳಲ್ಲೂ ಒಂದು ಹಳೆಯ ವಾದವಿದೆ. ಹಿರಿಯರಿಗೆ ದೂರಕ್ಕೆ ಬಡಿಯುವ ಜೆಟ್ ಮೇಲೆ ನಂಬಿಕೆ, ಹೊಸದಾಗಿ ತರಬೇತಿ ಮುಗಿಸಿ ಬಂದವರಿಗೆ ಮಂಜಿನಂತೆ ಹರಡುವ ಫಾಗ್ ಮೇಲೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರಿನಷ್ಟು ಹಿಗ್ಗುತ್ತದೆ. ಆ ಆವಿ ಕೋಣೆಯ ಬಿಸಿಯನ್ನು ಹೀರಿ ಗಾಳಿಯನ್ನು ಹೊರದಬ್ಬುತ್ತದೆ ಎಂಬುದು ಕಿರಿಯರ ಮಾತು. ಬಿಸಿ ಆವಿಗೆ ಹೊರದಾರಿ ಇಲ್ಲದಿದ್ದರೆ ಒಳಗಿರುವ ನಮ್ಮವರೇ ಬೇಯುತ್ತಾರೆ ಎಂಬುದು ಹಿರಿಯರ ಮಾತು. ನನ್ನ ತೀರ್ಮಾನ ಕೇಳಿದರೆ, ಮುಚ್ಚಿದ ಕೋಣೆಗೆ ತಗ್ಗಿ ಕುಳಿತು ಸ್ವಲ್ಪ ಸ್ವಲ್ಪವೇ ಫಾಗ್ ಹೊಡೆಯಬೇಕು, ಆವಿ ಹೋಗಲು ದಾರಿಯೂ ಇರಬೇಕು. ಹೊರಗೆ ನಿಂತು ಹತ್ತಿ ಗೋದಾಮು ನಂದಿಸುವಾಗ ಜೆಟ್ಟೇ ಬೇಕು. ಆದರೆ ಈ ವಾದ ನಿಲ್ಲಬಾರದು ಎಂಬುದು ನನ್ನ ಆಸೆ. ವಾದ ನಿಂತ ಠಾಣೆಯಲ್ಲಿ ಕಲಿಕೆಯೂ ನಿಂತಿರುತ್ತದೆ.

ಪ್ರಶ್ನೆ: ನಮ್ಮೂರಿನಲ್ಲಿ ಮೂರು ಬಣವೆಗಳಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನ ಬಂತು. ಸ್ವಲ್ಪ ಹೊತ್ತು ನೀರು ಹೊಡೆದು ನೀರು ಮುಗಿಯಿತು ಎಂದರು. ಟ್ಯಾಂಕ್ ತುಂಬಿಸಿಕೊಳ್ಳದೆ ಬರುವುದು ಸರಿಯೇ?
— ಗ್ರಾಮ ಪಂಚಾಯಿತಿ ಸದಸ್ಯರು, ಪಾವಗಡ ತಾಲ್ಲೂಕು

ಉತ್ತರ: ಖಾಲಿ ಟ್ಯಾಂಕಿನ ವಾಹನ ಠಾಣೆಯ ಗೇಟು ದಾಟುವುದಿಲ್ಲ. ಕರೆಯಿಂದ ಮರಳಿದ ಮೇಲೆ ಸಿಬ್ಬಂದಿ ಕೈಕಾಲು ತೊಳೆಯುವ ಮೊದಲೇ ನೀರು ತುಂಬಿಸುತ್ತಾರೆ. ಲೆಕ್ಕ ನೀವೇ ಹಾಕಿ. ಸಾಮಾನ್ಯ ವಾಹನದಲ್ಲಿ ಸುಮಾರು 4,500 ಲೀಟರ್ ನೀರಿರುತ್ತದೆ. ಒಂದು ಬ್ರಾಂಚಿನಿಂದ ನಿಮಿಷಕ್ಕೆ 450 ಲೀಟರ್ ಹೋದರೂ ಎರಡು ಬ್ರಾಂಚ್ ತೆರೆದರೆ ಐದು ನಿಮಿಷಕ್ಕೆ ಟ್ಯಾಂಕ್ ಬರಿದು. ಆಮೇಲಿನ ನೀರು ನಿಮ್ಮ ಊರಿನದೇ ಆಗಬೇಕು. ಕೆರೆಯಿಂದ ಎಳೆದುಕೊಳ್ಳುತ್ತೇವೆ, ಆದರೆ ವಾಹನ ನಿಂತ ಜಾಗಕ್ಕಿಂತ ನೀರು ಏಳು ಮೀಟರಿಗೂ ಕೆಳಗಿದ್ದರೆ ಪಂಪಿಗೆ ಅದನ್ನು ಮೇಲೆತ್ತುವುದು ಬಹಳ ಕಷ್ಟ. ಕೆರೆಯ ಅಂಗಳಕ್ಕೆ ಹನ್ನೆರಡು ಟನ್ನಿನ ವಾಹನ ಇಳಿಸಿದರೆ ಹೂತುಹೋಗುತ್ತದೆ.

ಬಣವೆಯ ಬೆಂಕಿ ಬೇರೆಯದೇ ಜಾತಿ. ಮೇಲೆ ಹೊಡೆದ ನೀರು ಹುಲ್ಲಿನ ಮೇಲೆ ಜಾರಿ ಕೆಳಗಿಳಿಯುತ್ತದೆ, ಒಳಗಿನ ಕೆಂಡಕ್ಕೆ ತಾಗುವುದೇ ಇಲ್ಲ. ಬಣವೆಯನ್ನು ಕೆಡವಿ, ಹರಡಿ ತೋಯಿಸಬೇಕು. ಮೊದಲು ಹೊತ್ತಿದ ಬಣವೆ ಉಳಿಯುವುದು ಅಪರೂಪ. ನಾವು ಬಂದು ಪಕ್ಕದ ಬಣವೆಗಳನ್ನು, ಕೊಟ್ಟಿಗೆಯನ್ನು ಉಳಿಸುತ್ತೇವೆ. ಪಂಚಾಯಿತಿಯವರಾದ ನೀವು ಮಾಡಬಹುದಾದ ಕೆಲಸವಿದೆ. ಬೇಸಿಗೆಗೆ ಮೊದಲು ಬಣವೆಗಳನ್ನು ಮನೆಗಳಿಂದ ದೂರ, ಒಂದಕ್ಕೊಂದು ಅಂತರ ಬಿಟ್ಟು ಹಾಕಿಸಿ. ವಿದ್ಯುತ್ ತಂತಿಯ ಕೆಳಗೆ ಬೇಡವೇ ಬೇಡ. ಯಾರ ತೋಟದ ಕೊಳವೆಬಾವಿಯಿಂದ ಟ್ಯಾಂಕ್ ತುಂಬಬಹುದು ಎಂಬುದನ್ನು ಬರೆದು ಠಾಣೆಗೆ ಕೊಡಿ. ಕರೆ ಮಾಡಿದ ತಕ್ಷಣ ಬೈಕಿನಲ್ಲಿ ಒಬ್ಬರನ್ನು ಮುಖ್ಯರಸ್ತೆಯ ತಿರುವಿಗೆ ಕಳುಹಿಸಿ. ದಾರಿ ತಪ್ಪಿ ಕಳೆದ ನಿಮಿಷಗಳು ನೀರಿಗಿಂತ ದುಬಾರಿ.

ಪ್ರಶ್ನೆ: ಪಕ್ಕದ ಹಳ್ಳಿಯಲ್ಲಿ ಬಾವಿಯ ಹೂಳೆತ್ತಲು ಇಳಿದ ಅಣ್ಣ ಮೇಲೆ ಬರಲಿಲ್ಲ. ನೋಡಲು ಇಳಿದ ತಮ್ಮನೂ ಬರಲಿಲ್ಲ. ಅಗ್ನಿಶಾಮಕದವರು ಬಂದ ಮೇಲೂ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳುವುದು, ಬೋರ್ಡಿನ ಮೇಲೆ ಏನೋ ಬರೆಯುವುದು ಮಾಡುತ್ತಾ ನಿಂತರು. ಜನ ಬೈದರು, ನಾನೂ ಕೂಗಾಡಿದೆ. ಅಷ್ಟು ಹೊತ್ತು ಬೇಕಿತ್ತೇ?
— ಕೃಷಿಕರು, ಹಿರಿಯೂರು ತಾಲ್ಲೂಕು

ಉತ್ತರ: ಬೇಕಿತ್ತು. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ಈ ಮಾತನ್ನು ನಾನು ಮೃದು ಮಾಡಿ ಹೇಳಲಾರೆ. ಆ ತಮ್ಮ ಧೈರ್ಯವಂತ, ಅಣ್ಣನ ಮೇಲಿನ ಪ್ರೀತಿಯಿಂದ ಇಳಿದ. ಬಾವಿಯ ಗಾಳಿ ಅದನ್ನು ನೋಡುವುದಿಲ್ಲ.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿದೆ. ಬಳಸದೆ ಬಿಟ್ಟ ಬಾವಿಯಲ್ಲಿ ಎಲೆ, ಕಸ, ಹೂಳು ಕೊಳೆತು ಆಮ್ಲಜನಕ ತಗ್ಗುತ್ತದೆ. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಆಮ್ಲಜನಕ ತೀರಾ ಕಡಿಮೆಯಾದ ಕಡೆ ಒಂದೆರಡು ಉಸಿರಿಗೇ ಎಚ್ಚರ ತಪ್ಪುತ್ತದೆ. ಉಸಿರು ಕಟ್ಟುತ್ತಿದೆ, ಮೇಲೆ ಹತ್ತೋಣ ಎಂದು ಯೋಚಿಸುವಷ್ಟು ಪುರಸೊತ್ತೂ ಸಿಗುವುದಿಲ್ಲ. ನೀರು ಎತ್ತಲೆಂದು ಡೀಸೆಲ್ ಎಂಜಿನನ್ನು ಬಾವಿಯೊಳಗಿನ ಕಟ್ಟೆಯ ಮೇಲಿಟ್ಟು ಓಡಿಸುವವರಿದ್ದಾರೆ. ಅದರ ಹೊಗೆಯಲ್ಲಿರುವ ಇಂಗಾಲದ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

ದೀಪ ಇಳಿಬಿಟ್ಟು ನೋಡುವ ರೂಢಿ ನಿಮ್ಮ ಕಡೆಯೂ ಇರಬಹುದು. ದೀಪ ಆರಿದರೆ ಇಳಿಯಬಾರದು, ಅದು ಸರಿ. ಆದರೆ ದೀಪ ಉರಿಯುತ್ತಿದೆ ಎಂದು ಇಳಿಯುವುದು ತಪ್ಪು. ಮೊನಾಕ್ಸೈಡ್ ಇದ್ದರೂ, ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಈ ಎರಡನೆಯ ಅನಿಲ ಹೆಚ್ಚಾದಾಗ ಮೂಗನ್ನೇ ಮಂಕು ಮಾಡುತ್ತದೆ, ವಾಸನೆ ಹೋಯಿತು ಎಂದು ಜನ ಇಳಿಯುತ್ತಾರೆ. ಶೌಚಗುಂಡಿಗಳಲ್ಲಿ ಸಾವಾಗುವುದೂ ಹೀಗೆಯೇ. ಅಪಾಯಕಾರಿ ಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಸಕ್ಕಿಂಗ್ ಯಂತ್ರ ಕರೆಸಲು ಹಣ ಹೆಚ್ಚಾಗುತ್ತದೆ ಎಂದು ಬಡವನೊಬ್ಬನನ್ನು ಇಳಿಸುವವರನ್ನು ನಾನು ಕ್ಷಮಿಸಲಾರೆ.

ಈಗ ಆ ಬೋರ್ಡಿನ ವಿಷಯ. ಬೆನ್ನಿಗೆ ಕಟ್ಟುವ ಉಸಿರಾಟದ ಉಪಕರಣಕ್ಕೆ ನಾವು ಬಿ.ಎ. (ಬ್ರೀದಿಂಗ್ ಅಪರೇಟಸ್) ಸೆಟ್ ಎನ್ನುತ್ತೇವೆ. ಆರು ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡಕ್ಕೆ ಗಾಳಿ ತುಂಬಿದರೆ 1,800 ಲೀಟರ್ ಗಾಳಿ ಸಿಗುತ್ತದೆ. ನಿಮಿಷಕ್ಕೆ 40 ಲೀಟರ್ ಎಂದು ಲೆಕ್ಕ ಹಿಡಿದರೆ 45 ನಿಮಿಷ. ಆದರೆ ಕೆಳಗೆ ಪ್ರಜ್ಞೆಯಿಲ್ಲದ ಮನುಷ್ಯನ ಕಂಕುಳಿಗೆ ಹಗ್ಗ ಕಟ್ಟಿ ಎತ್ತುವವನು ನಿಮಿಷಕ್ಕೆ 40 ಲೀಟರಿನಲ್ಲಿ ನಿಲ್ಲುವುದಿಲ್ಲ, ಏದುಸಿರು ಬಿಡುತ್ತಾನೆ. ಒತ್ತಡ ಸುಮಾರು 55 ಬಾರಿಗೆ ಇಳಿದಾಗ ಸೀಟಿ ಕೂಗುತ್ತದೆ. ಆಗ ಉಳಿಯುವುದು ಹೊರಬರಲು ಬೇಕಾದಷ್ಟೇ ಗಾಳಿ. ಅದಕ್ಕಾಗಿ ಮೇಲೆ ಒಬ್ಬ ಬೋರ್ಡ್ ಹಿಡಿದು ನಿಲ್ಲುತ್ತಾನೆ. ಇಳಿಯುವವನ ಹೆಸರು, ಸಿಲಿಂಡರಿನ ಒತ್ತಡ, ಇಳಿದ ಗಳಿಗೆ, ಮೇಲೆ ಬರಬೇಕಾದ ಗಳಿಗೆ ಇಷ್ಟನ್ನೂ ಬರೆಯುತ್ತಾನೆ. ಇಳಿದವನಿಗೆ ಹೊತ್ತಿನ ಅರಿವಿರುವುದಿಲ್ಲ, ಬೋರ್ಡಿಗೆ ಇರುತ್ತದೆ.

ಇಳಿಯುವ ಮೊದಲು ಮುಖವಾಡ ಹಾಕಿ, ಗಾಳಿಯ ಕವಾಟ ಮುಚ್ಚಿ ಒಮ್ಮೆ ಉಸಿರೆಳೆಯುತ್ತಾರೆ. ಮುಖವಾಡ ಕೆನ್ನೆಗೆ ಕಚ್ಚಿಕೊಂಡರೆ ಸೋರಿಕೆಯಿಲ್ಲ. ಕಚ್ಚದಿದ್ದರೆ ಪಟ್ಟಿ ಬಿಗಿ ಮಾಡಿ ಮತ್ತೊಮ್ಮೆ ನೋಡುತ್ತಾರೆ. ನಾಲ್ಕು ದಿನದ ಗಡ್ಡವಿದ್ದರೂ ಸಾಕು, ಕೂದಲಿನ ನಡುವಿನಿಂದ ಹೊರಗಿನ ಗಾಳಿ ನುಸುಳುತ್ತದೆ. ಗಡ್ಡ ಬೋಳಿಸದೆ ಪಾಳಿಗೆ ಬಂದವನ ಮೇಲೆ ನಾನು ರೇಗುತ್ತಿದ್ದುದು ಶಿಸ್ತಿನ ತೋರಿಕೆಗಲ್ಲ, ಈ ಕಾರಣಕ್ಕೆ. ಇನ್ನೊಬ್ಬ ಸೆಟ್ ಕಟ್ಟಿಕೊಂಡು ಬಾವಿಯ ದಂಡೆಯಲ್ಲಿ ಸಿದ್ಧನಾಗಿರುತ್ತಾನೆ. ಕೆಳಗಿರುವವನಿಗೆ ಏನಾದರೂ ಆದರೆ ಇಳಿಯಬೇಕಾದವನು ಅವನು. ಇದೆಲ್ಲ ಮುಗಿಯಲು ಕೆಲವೇ ನಿಮಿಷ ಸಾಕು, ಆದರೆ ದಂಡೆಯಲ್ಲಿ ಅಳುತ್ತಾ ನಿಂತವರಿಗೆ ಅದೇ ಯುಗವಾಗುತ್ತದೆ.

ನಾವು ಬರುವ ತನಕ ಇಳಿಯುವುದೊಂದನ್ನು ಬಿಟ್ಟು ಏನು ಬೇಕಾದರೂ ಮಾಡಿ. ಎಂಜಿನ್ ಓಡುತ್ತಿದ್ದರೆ ಮೇಲಿನಿಂದಲೇ ಡೀಸೆಲ್ ಕೊಳವೆ ಮುಚ್ಚಿ ಅಥವಾ ಕೀಳಿ. ಏರ್ ಕಂಪ್ರೆಸರ್ ಸಿಕ್ಕರೆ ಅದರ ಕೊಳವೆಯನ್ನು ತಳದವರೆಗೆ ಇಳಿಬಿಟ್ಟು ಗಾಳಿ ಹಾಯಿಸಿ. ಏನೂ ಇಲ್ಲವಾದರೆ ಸೊಪ್ಪಿನ ದೊಡ್ಡ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಮೇಲಕ್ಕೂ ಕೆಳಕ್ಕೂ ಆಡಿಸಿ. ವೆಲ್ಡಿಂಗ್ ಅಂಗಡಿಯ ಆಮ್ಲಜನಕ ಸಿಲಿಂಡರ್ ಬಿಡಬೇಡಿ, ಒಂದು ಕಿಡಿ ಬಿದ್ದರೆ ಬಾವಿಯೇ ಒಲೆಯಾಗುತ್ತದೆ. ಮುಂದೆ ಹೂಳೆತ್ತಲು ಯಾರೇ ಇಳಿಯಲಿ, ಕಂಕುಳಿನ ಕೆಳಗೆ ಹಗ್ಗ ಕಟ್ಟಿಯೇ ಇಳಿಯಲಿ, ಹಗ್ಗದ ತುದಿ ಮೇಲಿರುವ ಇಬ್ಬರು ಗಟ್ಟಿಗರ ಕೈಯಲ್ಲಿರಲಿ. ಆ ಅಣ್ಣನ ಮೈಗೆ ಒಂದು ಹಗ್ಗವಿದ್ದಿದ್ದರೆ ತಮ್ಮ ಇಳಿಯುವ ಪ್ರಮೇಯವೇ ಬರುತ್ತಿರಲಿಲ್ಲ.

ಪ್ರಶ್ನೆ: ಹುಲ್ಲು ತುಂಬಿದ ಲಾರಿಗೆ ತಂತಿ ತಗುಲಿ ಬೆಂಕಿ ಹೊತ್ತಿದರೆ ಚಾಲಕ ಏನು ಮಾಡಬೇಕು? ಉರಿಯುವ ಲಾರಿಯನ್ನು ಕೆರೆಗೆ ಓಡಿಸಿದ ವಿಡಿಯೊ ನೋಡಿದ್ದೇನೆ.
— ಲಾರಿ ಚಾಲಕ, ರಾಣೆಬೆನ್ನೂರು

ಉತ್ತರ: ತಂತಿ ಲಾರಿಗೆ ಇನ್ನೂ ತಾಗಿಕೊಂಡಿದ್ದರೆ ಇಳಿಯುವಾಗ ಎಚ್ಚರ. ಒಂದು ಕೈ ಲಾರಿಯ ಮೇಲೆ, ಒಂದು ಕಾಲು ನೆಲದ ಮೇಲೆ ಇದ್ದರೆ ವಿದ್ಯುತ್ ಮೈಮೂಲಕ ಹರಿಯುತ್ತದೆ. ಎರಡೂ ಕಾಲು ಜೋಡಿಸಿ ಒಟ್ಟಿಗೆ ನೆಲಕ್ಕೆ ಜಿಗಿಯಿರಿ, ಲಾರಿಯನ್ನು ಮತ್ತೆ ಮುಟ್ಟದೆ, ಪುಟ್ಟ ಹೆಜ್ಜೆ ಎಳೆಯುತ್ತಾ ದೂರ ಸರಿಯಿರಿ. ತಂತಿ ಬಿಟ್ಟಿದ್ದು, ಮನೆಗಳ ನಡುವೆ ಸಿಕ್ಕಿಕೊಂಡಿದ್ದರೆ ಹತ್ತಿರದ ಬಯಲಿನವರೆಗೆ ಮಾತ್ರ ಓಡಿಸಬಹುದು. ಅದಕ್ಕಿಂತ ದೂರ ಬೇಡ. ಓಡಿದಷ್ಟೂ ಗಾಳಿಗೆ ಉರಿ ಹೆಚ್ಚುತ್ತದೆ, ಉದುರಿದ ಕೆಂಡ ದಾರಿಯುದ್ದಕ್ಕೂ ಬೇರೆ ಗುಡಿಸಲು ಹುಡುಕುತ್ತದೆ. ಕೆರೆಗೆ ಇಳಿಸಿದರೆ ಲಾರಿ ಮಗುಚುವ ಭಯವೂ ಇದೆ. ಆ ವಿಡಿಯೊದಲ್ಲಿ ಚಾಲಕ ಉಳಿದುಕೊಂಡದ್ದು ಅವನ ಪುಣ್ಯ.

ಪ್ರಶ್ನೆ: ಬಾಣಲೆಯ ಎಣ್ಣೆಗೆ ಬೆಂಕಿ ಹೊತ್ತಿಕೊಂಡರೆ?
— ಗೃಹಿಣಿ, ಶಿರಸಿ

ಉತ್ತರ: ಒಲೆ ಆರಿಸಿ, ಅಗಲವಾದ ತಟ್ಟೆಯನ್ನು ಪಕ್ಕದಿಂದ ಸರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆರೆಯಬೇಡಿ. ನೀರು ಬೇಡ. ಕಾದ ಎಣ್ಣೆಯ ತಳಕ್ಕಿಳಿದ ನೀರು ಆವಿಯಾಗಿ ಉರಿಯುವ ಎಣ್ಣೆಯನ್ನು ಮಾಡಿನವರೆಗೆ ಎರಚುತ್ತದೆ. ಅಡುಗೆ ಅನಿಲದ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಫ್ಯಾನ್ ಹಾಕುವುದೂ ಬೇಡ. ಆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿರುತ್ತದೆ.

ಪ್ರಶ್ನೆ: ನಮ್ಮದು ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟ್. ಈಗ ಬೆಂಗಳೂರಿನಲ್ಲಿ 90 ಮೀಟರಿನ ಏಣಿ ಇದೆಯಲ್ಲ, ಅಣಕು ಕಾರ್ಯಾಚರಣೆಗೆ ಸಮಯ ಹಾಳು ಮಾಡುವುದೇಕೆ ಎಂದು ಕೆಲವು ನಿವಾಸಿಗಳು ಕೇಳುತ್ತಾರೆ. ಏನು ಹೇಳಲಿ?
— ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಮೊದಲು ಅವರನ್ನು ಕೆಳಗಿಳಿಸಿ, ಆ ಏಣಿಯ ವಾಹನ ಎಲ್ಲಿ ನಿಲ್ಲಬಹುದು ಎಂದು ತೋರಿಸಲು ಹೇಳಿ. ಅದಕ್ಕೆ ನಾಲ್ಕು ಕಡೆ ಕಾಲು ಚಾಚಿ ನಿಲ್ಲಲು ಗಟ್ಟಿ ನೆಲ ಬೇಕು. ಅಲ್ಲಿ ನಿಮ್ಮ ಕಾರುಗಳು ನಿಂತಿರುತ್ತವೆ, ಅಥವಾ ಕೆಳಗೆ ನೆಲಮಾಳಿಗೆಯ ಚಾವಣಿ ಇರುತ್ತದೆ. ನಗರದ ಸಂಚಾರ ದಾಟಿ ಆ ವಾಹನ ಬರುವ ಹೊತ್ತಿಗೆ ಹೊಗೆ ತನ್ನ ಕೆಲಸ ಮುಗಿಸಿರುತ್ತದೆ.

2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ವಿದ್ಯುತ್ ಕೇಬಲ್‌ಗಳ ನಾಳದಲ್ಲಿ ಹುಟ್ಟಿದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ತಾಳಲಾರದೆ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ಹೆಚ್ಚಿನ ಕಟ್ಟಡ ದುರಂತಗಳಲ್ಲಿ ಜ್ವಾಲೆಗಿಂತ ಮೊದಲು ಹೊಗೆಯೇ ಮನುಷ್ಯನನ್ನು ತಲುಪುತ್ತದೆ. ನಿಮ್ಮ ಕಟ್ಟಡದ ನಿಜವಾದ ಏಣಿ ಎಂದರೆ ಮೆಟ್ಟಿಲು. ಅದಕ್ಕಿರುವ ದಪ್ಪ ಬಾಗಿಲು ಹೊಗೆ ತಡೆಯಲೆಂದೇ ಇದೆ. ಗಾಳಿ ಬರಲಿ ಎಂದು ಅದಕ್ಕೆ ಕಲ್ಲು ಕೊಟ್ಟು ತೆರೆದಿಟ್ಟಿದ್ದರೆ ಇವತ್ತೇ ತೆಗೆಸಿ. ಹಳೆಯ ಮಂಚ, ಚಪ್ಪಲಿ ಗೂಡು, ಸೈಕಲ್ ಎಲ್ಲವನ್ನೂ ಮೆಟ್ಟಿಲಿನಿಂದ ಖಾಲಿ ಮಾಡಿಸಿ. ಮೆಟ್ಟಿಲ ಬುಡದಲ್ಲಿ ವಿದ್ಯುತ್ ಸ್ಕೂಟರ್ ಚಾರ್ಜ್ ಮಾಡುವುದನ್ನು ನಿಲ್ಲಿಸಿ. ಲಿಥಿಯಂ ಬ್ಯಾಟರಿ ಒಮ್ಮೆ ಕೆರಳಿದರೆ ಒಂದು ಕೋಶದಿಂದ ಇನ್ನೊಂದಕ್ಕೆ ಹಬ್ಬುತ್ತದೆ, ನಂದಿದಂತೆ ಕಂಡು ಮತ್ತೆ ಹೊತ್ತಿಕೊಳ್ಳುತ್ತದೆ, ಅದರ ವಿಷದ ಹೊಗೆ ನೇರವಾಗಿ ಮೆಟ್ಟಿಲೇರುತ್ತದೆ. ಇದು ಈಗ ಠಾಣೆಗಳಲ್ಲಿ ದಿನವೂ ಚರ್ಚೆಯಾಗುವ ವಿಷಯ.

ಅಗ್ನಿನಂದಕದ ಒತ್ತಡ ಮಾಪಕದ ಮುಳ್ಳು ಹಸಿರಿನಲ್ಲಿದ್ದರೆ ಸಾಲದು, ಯಾರಿಗಾದರೂ ಅದನ್ನು ಬಳಸಲು ಬರಬೇಕು. ಪಿನ್ ಕೀಳಿಸಿ, ಬೆಂಕಿಯ ಬುಡಕ್ಕೆ ಗುರಿಯಿಡಿಸಿ, ಒಬ್ಬೊಬ್ಬರ ಕೈಯಲ್ಲೂ ಹೊಡೆಸಿ. ಅಣಕು ಕಾರ್ಯಾಚರಣೆಯ ದಿನ ವೃದ್ಧರು, ಗಾಲಿಕುರ್ಚಿಯವರು ಯಾವ ಮಹಡಿಯಲ್ಲಿದ್ದಾರೆ ಎಂಬ ಪಟ್ಟಿ ಕಾವಲುಗಾರನ ಬಳಿ ಇರಲಿ. ನಾವು ಬಂದಾಗ ಮೊದಲು ಕೇಳುವುದು ಅದನ್ನೇ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಅಗ್ನಿಶಾಮಕಳಾಗಬೇಕೆಂಬ ಆಸೆ. ಅದು ಗಂಡಸರ ಕೆಲಸ ಎಂದು ಮನೆಯಲ್ಲಿ ಹೇಳುತ್ತಾರೆ.
— ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಮಗಳೇ, ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿಗೆ 2002ರಲ್ಲಿ ಹರ್ಷಿಣಿ ಕನ್ಹೇಕರ್ ಸೇರಿದಾಗ ಅಲ್ಲಿಗೆ ಬಂದ ಮೊದಲ ಹುಡುಗಿ ಅವರು. ಅಲ್ಲಿ ಕಲಿತು ಅಗ್ನಿಶಾಮಕ ಎಂಜಿನಿಯರ್ ಆದರು. ಅವರ ಹೆಸರನ್ನು ಮನೆಯವರಿಗೆ ಹೇಳು. ನಮ್ಮ ರಾಜ್ಯದ ತರಬೇತಿ ಕೇಂದ್ರ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿದೆ, ಆರ್.ಎ. ಮುಂಡ್ಕೂರ್ ಅವರ ಹೆಸರಿನ ಅಕಾಡೆಮಿ. ತರಬೇತಿಯಲ್ಲಿ ಕಷ್ಟವೆನಿಸುವುದು ತೂಕ ಹೊರುವುದಲ್ಲ. ಹೊಗೆ ತುಂಬಿದ ಕತ್ತಲೆ ಕೋಣೆಯಲ್ಲಿ ಕೈಯ ಹಿಂಭಾಗದಿಂದ ಗೋಡೆ ಸವರುತ್ತಾ, ಮಂಡಿಯೂರಿ, ದಾರಿ ನೆನಪಿಟ್ಟು ಹಿಂತಿರುಗುವುದು. ಅಲ್ಲಿ ದಪ್ಪ ತೋಳಿನವರು ಬೆದರಿ ಮುಖವಾಡ ಕಿತ್ತೆಸೆದದ್ದನ್ನು ನೋಡಿದ್ದೇನೆ, ಸಣ್ಣ ಮೈಯವರು ಶಾಂತವಾಗಿ ಹೊರಬಂದದ್ದನ್ನೂ ನೋಡಿದ್ದೇನೆ. ಈಗಿನಿಂದಲೇ ಓಡು, ಹಗ್ಗ ಹತ್ತು, ಈಜು ಕಲಿ. ನೇಮಕಾತಿ ಅಧಿಸೂಚನೆ ಬಂದಾಗ ದೈಹಿಕ ಅರ್ಹತೆಯ ಭಾಗವನ್ನು ಮೊದಲು ಓದು.

ಪ್ರಶ್ನೆ: ನನ್ನ ಗಂಡ ಅಗ್ನಿಶಾಮಕ. ಕೆಲವು ಕರೆಗಳಿಗೆ ಹೋಗಿ ಬಂದ ಮೇಲೆ ಎರಡು ಮೂರು ದಿನ ಮಾತೇ ಆಡುವುದಿಲ್ಲ, ಊಟ ಸೇರುವುದಿಲ್ಲ. ಮಕ್ಕಳನ್ನು ಕಂಡರೆ ಕಣ್ಣು ತುಂಬುತ್ತದೆ. ಕೇಳಿದರೆ ಏನಿಲ್ಲ ಎನ್ನುತ್ತಾರೆ.
— ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ತಂಗಿ, ಅವರು ನೋಡಿದ್ದನ್ನು ನಿಮಗೆ ಹೇಳಬಾರದು ಎಂದುಕೊಂಡಿದ್ದಾರೆ. ಅದು ನಿಮ್ಮ ಮೇಲಿನ ಅಕ್ಕರೆ. ಮಗುವಿನ ದೇಹ ಎತ್ತಿಕೊಂಡು ಬಂದ ಕೈಗಳು ಮನೆಯಲ್ಲಿ ತನ್ನ ಮಗುವನ್ನು ಎತ್ತಿಕೊಳ್ಳಲು ಹಿಂಜರಿಯುತ್ತವೆ. ಒತ್ತಾಯ ಮಾಡಿ ಕೇಳಬೇಡಿ, ಆದರೆ ಒಂಟಿಯಾಗಿ ಬಿಡಲೂಬೇಡಿ. ಅದೇ ಕರೆಗೆ ಹೋಗಿದ್ದ ಜೊತೆಗಾರರ ಹತ್ತಿರ ಮಾತಾಡಲು ಹೇಳಿ, ಸಾಧ್ಯವಾದರೆ ಅವರಲ್ಲೊಬ್ಬರನ್ನು ಊಟಕ್ಕೆ ಕರೆಯಿರಿ. ಅಲ್ಲಿದ್ದವರ ನಡುವೆ ಮಾತು ಸಲೀಸಾಗಿ ಬರುತ್ತದೆ. ನಿದ್ದೆ ಬಾರದಿರುವುದು, ಬೆಚ್ಚಿಬೀಳುವುದು, ಕುಡಿತ ವಾರಗಟ್ಟಲೆ ಮುಂದುವರಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಇಲ್ಲವೇ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ. ಕೈ ಸುಟ್ಟಾಗ ಮುಲಾಮು ಹಚ್ಚಿಸಿಕೊಳ್ಳುವುದಕ್ಕೆ ಯಾರೂ ನಾಚುವುದಿಲ್ಲ, ಇದಕ್ಕೂ ನಾಚಬೇಕಿಲ್ಲ.

ಏಪ್ರಿಲ್ 14ರಂದು ನಾವು 1944ರ ಮುಂಬೈ ಬಂದರಿನ ಸ್ಫೋಟದಲ್ಲಿ ಸತ್ತ ಅಗ್ನಿಶಾಮಕರನ್ನು ನೆನೆಯುತ್ತೇವೆ. ಫೋರ್ಟ್ ಸ್ಟಿಕಿನ್ ಎಂಬ ಹಡಗಿನಲ್ಲಿ ಹತ್ತಿಯ ಮೂಟೆಗಳೂ ಸ್ಫೋಟಕಗಳೂ ಒಟ್ಟಿಗಿದ್ದವು, ಬೆಂಕಿ ಆರಿಸಲು ಹೋದವರು ಹಡಗಿನೊಂದಿಗೇ ಹೋದರು. ಸತ್ತವರಿಗೆ ವರ್ಷಕ್ಕೊಂದು ದಿನವಾದರೂ ಇದೆ. ಬದುಕಿ ಮರಳಿದವರ ಮನಸ್ಸನ್ನು ವಿಚಾರಿಸುವ ಏರ್ಪಾಡು ಪ್ರತಿ ಠಾಣೆಯಲ್ಲೂ ಆಗಬೇಕು ಎಂದು ನಾನು ಸೇವೆಯಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಪ್ರಶ್ನೆ: 101ಕ್ಕೆ ಕರೆ ಮಾಡಬೇಕೇ, 112ಕ್ಕೇ?
— ಅಂಗಡಿ ಮಾಲೀಕರು, ಗೋಕಾಕ

ಉತ್ತರ: ಎರಡರಲ್ಲಿ ಯಾವುದಾದರೂ ಆಗುತ್ತದೆ. ಮೊದಲು ಜಾಗ ಹೇಳಿ, ಹತ್ತಿರದ ಗುಡಿಯೋ ಶಾಲೆಯೋ ಬಸ್ ನಿಲ್ದಾಣವೋ ಇದ್ದರೆ ಅದನ್ನೂ ಹೇಳಿ. ಆಮೇಲೆ ಏನು ಉರಿಯುತ್ತಿದೆ, ಒಳಗೆ ಜನರಿದ್ದಾರೆಯೇ ಎಂಬುದು. ಫೋನ್ ಕಡಿತವಾದರೂ ಜಾಗ ಗೊತ್ತಿದ್ದರೆ ವಾಹನ ಹೊರಡುತ್ತದೆ. ಬೆಂಕಿ ತಾನಾಗಿ ಆರಿಹೋದರೂ ಮತ್ತೆ ಕರೆ ಮಾಡಿ ತಿಳಿಸಿ, ಆ ವಾಹನ ಇನ್ನೊಂದು ಊರಿಗೆ ಬೇಕಾಗಿರಬಹುದು.